ಪರಿಚಯಪತ್ರದಲ್ಲಿ ಬಿಟ್ಟ ಮೂರು ವರ್ಷ

ನನ್ನ ನಿರೂಪಣೆಯಲ್ಲಿ ಕ್ರಮ ತಪ್ಪಿದ್ದರೆ ಓದುಗರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಒಂದು ವಾಕ್ಯ ಬರೆದು ಮೂರು ಸಲ ಓದದೆ ಮುಂದೆ ಹೋಗುವ ಧೈರ್ಯ ಇಂದಿಗೂ ಇಲ್ಲ.

ದೋಹಾದ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ನನ್ನ ಕನ್ನಡಕದ ಗಾಜು ಸೆಕೆಗೆ ಮಂಜಾಗಿ ಏನೂ ಕಾಣದಾಯಿತು. ಆ ಕುರುಡು ಕ್ಷಣದ ಹೆದರಿಕೆ ನಾಲ್ಕು ವರ್ಷವಾದರೂ ಪೂರ್ತಿ ಹೋಗಿಲ್ಲ. ಊರಿನಲ್ಲಿ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತದೆ. ಇಲ್ಲಿ ಇಖಾಮಾ, ಅಂದರೆ ವಾಸದ ಪರವಾನಗಿ, ಕೆಲಸಕ್ಕೆ ಅಂಟಿಕೊಂಡಿದೆ. ನನ್ನದು ರದ್ದಾದರೆ ಹೆಂಡತಿ ಸುಜಾತಾಳದೂ ಮೂರನೆಯ ತರಗತಿಯ ಮಗಳು ಅನ್ವಿಯದೂ ರದ್ದು.

ದೋಹಾದ ಮುಶೈರಿಬ್ ಬಡಾವಣೆಯಲ್ಲಿ ಸಮ್ಮೇಳನಗಳನ್ನು ಏರ್ಪಡಿಸುವ ಕಂಪನಿಯೊಂದರಲ್ಲಿ ನಾನು ಗುಮಾಸ್ತ. ಕಳೆದ ಚಳಿಗಾಲದಲ್ಲಿ ಪಶ್ಚಿಮ ಆಫ್ರಿಕಾದ ದೇಶವೊಂದರ ಮಾಜಿ ಪ್ರಧಾನಿಯವರು ಭಾಷಣಕ್ಕೆ ಬರುವವರಿದ್ದರು. ಅವರ ಜೀವನವನ್ನು ಒಂದು ಪುಟಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ನೆಲಗಡಲೆ ಬೆಳೆಯುವ ಹಳ್ಳಿಯಲ್ಲಿ ಹುಟ್ಟಿ, ಮನೆಯಲ್ಲಿ ಮೊದಲಿಗರಾಗಿ ಶಾಲೆ ಕಂಡವರು. ಮೇಷ್ಟರಾಗಿ, ಶಿಕ್ಷಕರ ಸಂಘ ಕಟ್ಟಿ, ಸೈನಿಕ ಆಡಳಿತವನ್ನು ಎದುರಿಸಿ ಮೂರು ವರ್ಷ ಜೈಲಿನಲ್ಲಿದ್ದವರು. ಆಮೇಲೆ ಮಂತ್ರಿ, ಎರಡು ಸಲ ಪ್ರಧಾನಿ. ಚುನಾವಣೆಯಲ್ಲಿ ಸೋತ ವಾರವೇ ಹಳ್ಳಿಗೆ ಮರಳಿದ್ದರು.

ಊರಿನ ಸಭೆಗಳಲ್ಲಿ ಅತಿಥಿಗಳನ್ನು ಪರಿಚಯಿಸುವ ಕ್ರಮ ನನಗೆ ಗೊತ್ತಿತ್ತು. ಹುದ್ದೆ, ಬಿರುದು, ಸನ್ಮಾನ ಹೇಳಬೇಕು. ಅತಿಥಿ ತಲೆ ತಗ್ಗಿಸುವಂಥದ್ದನ್ನು ಎತ್ತಬಾರದು. ಆದ್ದರಿಂದ ಜೈಲಿನ ಮೂರು ವರ್ಷಗಳನ್ನು ಗೌರವದಿಂದಲೇ ಬಿಟ್ಟೆ. ಪುಟ ಅಚ್ಚಾಯಿತು.

ಸಮ್ಮೇಳನದ ಬೆಳಿಗ್ಗೆ ನನ್ನ ಮೇಲಧಿಕಾರಿ ಹಮೀದಾಕ, ಅಂದರೆ ಹಮೀದಣ್ಣ, ಏದುಸಿರು ಬಿಡುತ್ತಾ ಬಂದರು. ಅವರು ಮಂಗಳೂರಿನವರು, ಇಲ್ಲಿ ಬಹಳ ವರ್ಷಗಳಿಂದ ಇದ್ದವರು.

“ಎಂತ ಮಾರಾಯ ಮಾಡಿಟ್ಟದ್ದು? ಜೈಲಿನ ಸುದ್ದಿಯೇ ಇಲ್ಲ! ಯಾರು ಹೇಳಿ ತೆಗೆಸಿದ್ದು ಅಂತ ಅವರ ಕಡೆಯವರು ಕೇಳ್ತಾ ಇದ್ದಾರೆ.”

“ಅವರ ಮರ್ಯಾದೆಗೆ ಅಂತ ನಾನೇ ಬಿಟ್ಟದ್ದು, ಹಮೀದಾಕ.”

“ಇದೆಂತ ನಿಮ್ಮ ಯುವಕ ಮಂಡಲದ ವಾರ್ಷಿಕೋತ್ಸವವಾ? ಮ್ಯಾನೇಜರಿಗೆ ಗೊತ್ತಾದ್ರೆ ಖಲಾಸ್, ನೀನೂ ಮುಗಿದೆ, ನಾನೂ ಮುಗಿದೆ. ಪ್ರಧಾನಿಯವರು ನಿನ್ನನ್ನೇ ಕರೀತಿದ್ದಾರೆ. ಯಲ್ಲಾ, ನಡಿ.”

ಲಿಫ್ಟು ಹತ್ತಿದೆ. ಅನ್ವಿಯನ್ನು ವರ್ಷದ ನಡುವೆ ಊರಿನ ಯಾವ ಶಾಲೆ ಸೇರಿಸಿಕೊಂಡೀತು ಎಂಬುದೊಂದೇ ತಲೆಯಲ್ಲಿತ್ತು.

ಮಾಜಿ ಪ್ರಧಾನಿಯವರು ಆ ಪುಟವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು: “ಈ ಮೂರು ವರ್ಷ ನಾನು ಎಲ್ಲಿದ್ದೆ?”

“ಜೈಲಿನಲ್ಲಿ, ಸರ್. ನಿಮಗೆ ಅವಮಾನವಾದೀತೆಂದು...”

“ನನ್ನ ತಾಯಿ ವಾರಕ್ಕೊಮ್ಮೆ ನಡೆದು ಬಂದು ಆ ಗೇಟಿನ ಹೊರಗೆ ನಿಲ್ಲುತ್ತಿದ್ದರು. ನೀವು ಅವರನ್ನೂ ತೆಗೆದುಬಿಟ್ಟಿರಿ.” ಆಮೇಲೆ, “ನಿಮ್ಮ ತಂದೆ ಏನು ಮಾಡುತ್ತಾರೆ?” ಎಂದರು.

“ಮೀನಿನ ವ್ಯಾಪಾರ, ಸರ್.” ಎಲ್ಲೆಡೆ ನಾನು ಕೊಡುವ ಉತ್ತರವದು. ಅವರು ನನ್ನನ್ನೇ ನೋಡುತ್ತಿದ್ದರು. “ಅಲ್ಲ, ಸರ್. ಬಂದರಿನಲ್ಲಿ ದೋಣಿಗಳಿಗೆ ಮಂಜುಗಡ್ಡೆ ಹೊರುತ್ತಿದ್ದರು.”

ಅವರು ನಗಲಿಲ್ಲ. ಪೆನ್ನು ಕೊಟ್ಟು, “ಮೊದಲು ನನ್ನದನ್ನು ಸರಿಪಡಿಸಿ,” ಎಂದರು. ಜೈಲಿನ ಮೂರು ವರ್ಷವನ್ನೂ ಗೇಟಿನ ಹೊರಗೆ ನಿಂತ ತಾಯಿಯನ್ನೂ ಒಂದು ಸಾಲಾಗಿ ಅಂಚಿನಲ್ಲಿ ಬರೆದೆ. ವೇದಿಕೆಯಲ್ಲಿ ಅವರು ಆ ಸಾಲನ್ನು ತಾವೇ ಓದಿದರು.

ಮ್ಯಾನೇಜರಿಗೆ ವಿಷಯ ತಿಳಿದರೂ ಕೆಲಸ ಹೋಗಲಿಲ್ಲ. ಬರವಣಿಗೆಯಿಂದ ತೆಗೆದು ನನ್ನನ್ನು ಎಂಬತ್ತು ಕಿಲೋಮೀಟರ್ ದೂರದ ದುಖಾನ್‌ನ ಗೋದಾಮಿಗೆ ಕಳುಹಿಸಿದರು. ಸುಜಾತಾ ಮತ್ತು ಮಗಳು ನಗರದಲ್ಲೇ, ದೋಹಾ ಅಲ್ ಜದೀದಾ ಬಡಾವಣೆಯ ಒಂದೇ ಕೋಣೆಯಲ್ಲಿದ್ದಾರೆ. ನಾನು ಗುರುವಾರ ಸಂಜೆ ಬಂದು ಶನಿವಾರ ಮರಳುತ್ತೇನೆ. “ಮನೆಗೆ ಹೊರಟೆ,” ಎಂದು ಫೋನಿನಲ್ಲಿ ಹೇಳಿದರೆ ಊರಿನಲ್ಲಿ ಅಪ್ಪ, “ಯಾವ ಮನೆಗೆ ಮಗ?” ಎನ್ನುತ್ತಾರೆ. ಇಖಾಮಾ ನವೀಕರಣವಾಗುವುದೋ ಇಲ್ಲವೋ ತಿಳಿಯದು. ಅನ್ವಿಯ ಶಾಲೆಯ ಪುಸ್ತಕದಲ್ಲಿ ಮಾತ್ರ ಅಜ್ಜ ಈಗ ಮೀನಿನ ವ್ಯಾಪಾರಿಯಲ್ಲ, ಮಂಜುಗಡ್ಡೆ ಹೊರುತ್ತಿದ್ದವರು.