ಎರಡು ಸ್ವರದ ಹೆಸರು

ಕಳೆದ ಭಾನುವಾರ, ಬೆಳಗ್ಗೆ ಹತ್ತೂವರೆ. ವಾಶಿಯ ಒಂದು ಸಭಾಂಗಣ. ಹಾಜರಿದ್ದವರು: ನಾನು, ನಮ್ಮ ಡೊಂಬಿವಲಿ ಬಿಲ್ಡಿಂಗಿನ ಸುಮತಿ, ಅರ್ಧ ಸಭಾಂಗಣ ಜನ. ವೇದಿಕೆಯ ಮೇಲೆ ನಾಲ್ಕು ಪಿಟೀಲು, ಇಪ್ಪತ್ತು ಹಾಡುಗಾರರು. (ಕಾರ್ಯಕ್ರಮ ಹತ್ತಕ್ಕೆಂದು ಅಚ್ಚಾಗಿತ್ತು. ಕ್ರಾಂತಿಗೆ ಗಡಿಯಾರ ಬೇಡವೇ?)

ಸಂಗೀತ ರಚಿಸಿದವರು ಮೋರ್ಚಾ, ಗೇಟ್ ಮೀಟಿಂಗ್ ಎಲ್ಲ ಕಂಡ ಹೋರಾಟಗಾರರು. ತುರ್ಭೆಯ ಕಾರ್ಖಾನೆಯೊಂದರ ಬೆಂಕಿಯಲ್ಲಿ ಸತ್ತವರ ಹೆಸರುಗಳನ್ನೇ ಕೋರಸ್‌ಗೆ ಅಳವಡಿಸಿದ್ದರು. ಸುಮತಿಯ ಗಂಡ ಅಲ್ಲಿನ ಕ್ಯಾಂಟೀನಿನಲ್ಲಿ ಅಡುಗೆಗಿದ್ದ. ಅವಳು ಬಂದದ್ದು ಅವನ ಹೆಸರು ಕೇಳಲು.

"ನಾನು ಹೇಳುವ ಹಾಗಿಲ್ಲ ಅಲ್ವಾ, ಅವರಾದ್ರೂ ಜೋರಾಗಿ ಹೇಳ್ಲಿ," ಎಂದಿದ್ದಳು ರೈಲಿನಲ್ಲಿ. (ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು ಎಂಬ ಕಟ್ಟುಪಾಡು. ಅವನು ಹೋದ ಮೇಲೂ ಬಿಟ್ಟಿರಲಿಲ್ಲ.)

ಮೊದಲು ಪಿಟೀಲು. ಆಮೇಲೆ ಹೆಸರುಗಳು, ಒಂದೊಂದಾಗಿ. ಕೊನೆಗೆ ಇಪ್ಪತ್ತೂ ಕಂಠಗಳು ತಗ್ಗಿದವು: ಅಣ್ಣಾ... ಅಣ್ಣಾ...

ಚಪ್ಪಾಳೆ.

"ಇವರದ್ದು ಯಾವಾಗ?" ಎಂದಳು ಸುಮತಿ.

ಆ ಕೊನೆಯ 'ಅಣ್ಣಾ' ಅವನೇ ಎಂದು ನನಗೆ ಅರ್ಥವಾಗಿತ್ತು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದವನು ನಾನು. ಈ ಊರಿನಲ್ಲಿ ನಮ್ಮ ಕಡೆಯ ಅಡುಗೆಯವರೆಲ್ಲ ಅಣ್ಣಂದಿರೇ. ಹಾಜರಿ ಪುಸ್ತಕದಲ್ಲೂ.

ಇಬ್ಬರೂ ವೇದಿಕೆಯ ಹತ್ತಿರ ಹೋಗಿ ಕೇಳಿದೆವು.

"ಲಿಸ್ಟ್ ಮೇ ಅಣ್ಣಾ ಹೀ ಥಾ, ಕಾಕಾ," ಎಂದರು ಸಂಗೀತಗಾರರು. ಅವರಿಗೆ ಸಿಕ್ಕ ಪಟ್ಟಿಯಲ್ಲೇ ಹಾಗಿತ್ತಂತೆ. ಮುಖ ಸಪ್ಪಗಾಗಿತ್ತು. "ನಾಮ್ ಕ್ಯಾ ಥಾ?"

ನಾನು ಬಾಯಿ ತೆರೆದೆ. ಸುಮತಿ ನನ್ನ ತೋಳು ಹಿಡಿದು ತಡೆದಳು.

"ವಾಸು ಪೂಜಾರಿ," ಎಂದಳು. ಮತ್ತೆ, ಜೋರಾಗಿ: "ವಾಸು ಪೂಜಾರಿ."

ಅವರು ಹಾಳೆಯ ಮೇಲೆ ಪೆನ್ಸಿಲ್ ಕುಟ್ಟಿದರು. ಅಲ್ಲಿರುವುದು ಎರಡೇ ಸ್ವರ, ರೆಕಾರ್ಡಿಂಗೂ ಮುಗಿದಿದೆ, ಐದು ಅಕ್ಷರ ಎಲ್ಲಿ ಕೂರಿಸಲಿ ಎಂದರು.

"ಲೋಕಲ್‌ನಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವರಿಗೆ ಜಾಗ ಮಾಡುದಿಲ್ವಾ ಮಾರಾಯ್ರೆ?" ಎಂದಳು ಸುಮತಿ. ನಾನು ಹಿಂದಿಯಲ್ಲಿ ಹೇಳಿದೆ.

"ದೇಖ್ತಾ ಹೂಂ," ಎಂದರು. ಈ 'ನೋಡೋಣ' ನನಗೆ ಗೊತ್ತು. ಮ್ಯಾನೇಜರುಗಳ ಬಾಯಲ್ಲಿ ಕೇಳಿದ್ದೇನೆ.

ಮನೆಗೆ ಬಂದು, ಸಂಜೆ ಐದರೊಳಗೆ ಆ ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಬರೆದು ಅವರಿಗೆ ಕಳಿಸಿದೆ.

ಕೊನೆಯ ಕೆಲಸವೊಂದಿತ್ತು. ನಮ್ಮ ಕಾರ್ಖಾನೆಯ ಹಳೆಯ ಸೂಪರ್‌ವೈಸರಿಗೆ ಫೋನ್ ಮಾಡಿದೆ. ನಮ್ಮಲ್ಲಿನ ಕ್ಯಾಂಟೀನಿನ ಅಡುಗೆಯವನ ಹಾಜರಿಯನ್ನು ದಿನವೂ ಬರೆದ ಕೈ ನನ್ನದು. ಅವನ ಹೆಸರೇನಿತ್ತು, ಎಂದು ಕೇಳಿದೆ.

"ಏನ್ರೀ, ಮರೆತೇಬಿಟ್ರಾ?" ಎಂದು ನಕ್ಕ ಆತ. "ಅಣ್ಣ!"