ಬಾಟ್ಲಿಯೊಳಗೆ ಬೆವೆತ ಸೊಪ್ಪು

ತಂಗಿಯ ಬಾಣಂತನ ಮುಗಿಸಿ ತೌರಿನಿಂದ ಬಂದ ದೊಡ್ಡತಾಯಮ್ಮ ಅಡುಗೆಮನೆಗೆ ಕಾಲಿಟ್ಟವಳೇ ತಲೆಯೆತ್ತಿ ನೋಡಿದಳು. ಒಲೆಯ ಮೇಲಿನ ನೆಲುವು ಬರಿದಾಗಿ ತೂಗಾಡುತ್ತಿತ್ತು.

"ನನ್ ಬುರುಡೆ ಎಲ್ಲಿ?"

ಅವಳ ಬುರುಡೆಗಳೆಂದರೆ ಊರಿಗೇ ಗೊತ್ತು. ಗೊತ್ತಿಲ್ಲದವರಿಗೆ ಅವಳೇ ಗೊತ್ತುಮಾಡಿಸುತ್ತಿದ್ದಳು. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆಸೊಪ್ಪು, ಗಣಿಕೆಸೊಪ್ಪು ಕಿತ್ತು ತಂದು, ದಂಟು ಮುರಿದು, ಜಗಲಿಯ ನೆರಳಿನಲ್ಲಿ ಹರವಿ ಒಣಗಿಸುವಳು. ಒಣಗಿದ್ದನ್ನು ಸೋರೆಬುರುಡೆಗೆ ತುಂಬಿ, ಬಾಯಿಗೆ ರಾಗಿಹುಲ್ಲು ತುರುಕಿ, ಒಲೆಯ ಹೊಗೆ ತಾಗುವ ಹಾಗೆ ನೆಲುವಿಗೇರಿಸುವಳು. ಮಹಾಯುದ್ಧ ಶುರುವಾದ ಮೇಲೆ ಬೇಳೆಯ ಮುಖ ಕಂಡವರಿಲ್ಲ. ಶಿವರಾತ್ರಿ ಕಳೆದು ಮುಂಗಾರು ಬೀಳುವ ತನಕ ಆ ಮನೆಯ ಮುದ್ದೆಗೆ ಆ ಬುರುಡೆಯ ಸೊಪ್ಪಿನ ಸಾರೇ ಗತಿ. ಅದಿಲ್ಲವೆಂದರೆ ಉಪ್ಪು, ಮೆಣಸಿನಕಾಯಿ.

"ಯಾಕಂಗ್ ಕೂಗ್ತೀಯ? ಇಲ್ಲಿ ನೋಡಮ್ಮಿ" ಎಂದು ಗಂಡ ತಿಮ್ಮಯ್ಯ ನಡುಮನೆಯ ಗೂಡಿನತ್ತ ಕೈ ತೋರಿಸಿದ.

ತಿಮ್ಮಯ್ಯ ಶಿವನಸಮುದ್ರದ ಕರೆಂಟು ಮನೆಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವವನು. ಮೈಸೂರು, ಬೆಂಗಳೂರುಗಳ ದೀಪವೆಲ್ಲ ತಾನು ಬಿಟ್ಟ ಎಣ್ಣೆಯಿಂದಲೇ ಉರಿಯುತ್ತದೆಂಬುದು ಅವನ ನಂಬಿಕೆ. ಅವನ ಮನೆಯಲ್ಲಿ ಮಾತ್ರ ಉರಿಯುತ್ತಿದ್ದುದು ಸೀಮೆಎಣ್ಣೆ ಬುಡ್ಡಿ. ಒಮ್ಮೆ ಏನೋ ಸಾಮಾನು ಹೊತ್ತುಕೊಂಡು ಸಾಹೇಬರ ಬಂಗಲೆಯ ಅಡುಗೆಮನೆಯೊಳಗೆ ಹೋಗಿದ್ದ. ಅಲ್ಲಿ ಗಾಜಿನ ಬಾಟ್ಲಿಗಳು ಸಾಲಾಗಿ ನಿಂತಿದ್ದನ್ನು ಕಂಡಂದಿನಿಂದ ಮನೆಯ ಮಸಿಬುರುಡೆಗಳನ್ನು ನೋಡಿದರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹೆಂಡತಿ ಊರಿಗೆ ಹೋದದ್ದೇ ತಡ, ಬಂಗಲೆಯವರು ಎಸೆದ ಬಾಟ್ಲಿಗಳನ್ನು ಗೋಣಿಯಲ್ಲಿ ಹೊತ್ತು ತಂದು, ಬುರುಡೆಗಳ ಸೊಪ್ಪನ್ನೆಲ್ಲ ಒಟ್ಟಿಗೆ ಸುರಿದು ಕಲಸಿ, ಗಿಡಿದು ತುಂಬಿ, ಬಿರಡೆ ಜಡಿದು, ಮೇಲೆ ಮೇಣ ಬೇರೆ ಬಳಿದಿದ್ದ.

ಮಳೆಗಾಲದ ಕೊನೆಗೆ, ಅವಳು ಹೊರಡುವ ಹಿಂದಿನ ದಿನ ಕಿತ್ತ ಗಣಿಕೆಸೊಪ್ಪು ಆಗಿನ್ನೂ ಮೆತ್ತಗಿತ್ತು. ಮಿಕ್ಕ ಪಸೆಯನ್ನು ಹೊಗೆ ಒಣಗಿಸಲಿ ಎಂದೇ ಮೇಲಕ್ಕೇರಿಸಿ ಹೋಗಿದ್ದಳು.

ದೊಡ್ಡತಾಯಮ್ಮ ಒಂದು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದಳು. ಗಾಜಿನ ಒಳಮೈ ಬೆವೆತಿತ್ತು. ಬಿರಡೆ ಕಿತ್ತಳು. ನಾತಕ್ಕೆ ತಿಮ್ಮಯ್ಯನೇ ಎರಡು ಹೆಜ್ಜೆ ಹಿಂದೆ ಸರಿದ. ಎಲ್ಲ ಬಾಟ್ಲಿಯಲ್ಲೂ ಅದೇ ಕಥೆ, ಬೆಕ್ಕಿನ ಮರಿಯ ಮೈಯಂಥ ಬೂಷ್ಟು.

"ಯಾರ್ ಕೇಳ್ಕಂಡು ಮುಟ್ದೆ ನೀನು?"

"ಸಾಯೇಬ್ರು ಮನೇಲಿ ಇಂಗೇ ಇಡದು ಕಣಮ್ಮಿ."

"ಏನಿಕ್ತಾರೆ ಬಾಟ್ಲೀಲಿ ನಿನ್ ಸಾಯೇಬ್ರು?"

"ಬಿಸ್ಕತ್ತು."

"ಓಗು. ಇವತ್ತಿಂದ ಮುದ್ದೆಗೆ ಬಿಸ್ಕತ್ ನೆಂಚ್ಕಂಡು ಉಣ್ಣೋಗು! ನನ್ ಬುರುಡೆಗಳ್ನ ಏನ್ ಮಾಡ್ದೆ?"

ತಿಮ್ಮಯ್ಯ ಗೋಡೆ ನೋಡಿದ. "ಮೀನು ಇಡಿಯೋ ಮುದ್ದಯ್ಯ ಕೇಳ್ದ. ಈಜಾಡಕ್ಕೆ ಸೊಂಟಕ್ ಕಟ್ಕತೀನಿ ಅಂದ. ಕೊಟ್ಬುಟ್ಟೆ."

ಆಮೇಲೆ ಅವಳು ಆಡಿದ ಮಾತುಗಳನ್ನು ಅಚ್ಚು ಹಾಕುವಂತಿಲ್ಲ. ಪಕ್ಕದ ಮನೆಯ ದೇವಿರಮ್ಮ ಗಲಾಟೆ ಕೇಳಿ, ತನ್ನ ಮಡಕೆಯಿಂದ ಎರಡು ಬೊಗಸೆ ಒಣಸೊಪ್ಪು ಮೊರದಲ್ಲಿಟ್ಟುಕೊಂಡು ಬಂದಳು.

"ತಕ್ಕೋ ಅಕ್ಕಯ್ಯ. ಓದ್ವರ್ಸ ನೀನೇ ನನ್ ಸೊಪ್ ನೋಡಿ ಕಸ ಗುಡಿಸಿ ತುಂಬ್ದಂಗದೆ ಅಂದಿದ್ಯಲ್ಲ, ಅದೇಯ."

ದೊಡ್ಡತಾಯಮ್ಮನ ಮುಖ ಕೆಂಪೇರಿತು. ತಾನು ಹಾಗೆ ಅಂದದ್ದು ನಿಜ. ಅದೂ ನಾಲ್ಕು ಜನರ ಮುಂದೆ. ಆದರೂ ಆ ಮೊರಕ್ಕೆ ಕೈಯೊಡ್ಡುವುದಕ್ಕಿಂತ ಬರೀ ಉಪ್ಪು ನೆಕ್ಕಿಕೊಂಡಿರುವುದೇ ಮೇಲೆನ್ನಿಸಿತು.

"ನಿನ್ ಸೊಪ್ಪು ನೀನೇ ಮಡೀಕಳವ್ವ. ನಮ್ಮನೇಲೂ ಸೊಪ್ಪು ಕೀಳೋರವ್ರೆ" ಎಂದವಳೇ ಮಂಕರಿಯನ್ನು ಗಂಡನ ಎದೆಗೆ ಒತ್ತಿದಳು. "ನಡಿ ಒಳೆಗೆ."

ಬೇಸಿಗೆಯಲ್ಲಿ ಹಸಿಸೊಪ್ಪು ಬೇಕೆಂದರೆ ಹೊಳೆಯಂಚಿನ ಹೊನಗೊನೆಯೊಂದೇ. ಹಾದಿ ದೂರ, ನೆತ್ತಿ ಸುಡುವ ಬಿಸಿಲು. ದನ ಮೇಯ್ದು ಬಿಟ್ಟದ್ದನ್ನು ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚಿವುಟಬೇಕು. ತಿಮ್ಮಯ್ಯನಿಗೆ ರಜದ ದಿನವೂ ತೊಟ್ಟಿದ್ದ ಖಾಕಿಯನ್ನು ಕಳಚಲೂ ಅವಳು ಪುರುಸೊತ್ತು ಕೊಟ್ಟಿರಲಿಲ್ಲ.

"ಬೇರ್ ಸಮೇತ ಕೀಳಬ್ಯಾಡ! ನಾಳೀಕ್ ಏನ್ ಚಿಗುರ್ತದೆ, ನಿನ್ ಬಾಟ್ಲೀನಾ?"

ಅಷ್ಟರಲ್ಲಿ ದಂಡೆಯ ಮೇಲೆ ಕರೆಂಟು ಮನೆಯ ಮೇಸ್ತ್ರಿ ಮರಿಸಿದ್ದಯ್ಯ ಬರುವುದು ಕಾಣಿಸಿತು. ತಿಮ್ಮಯ್ಯ ಥಟ್ಟನೆ ಎದ್ದು, ಕೈಯಲ್ಲಿದ್ದ ಸೊಪ್ಪನ್ನು ಬೆನ್ನ ಹಿಂದೆ ಹಿಡಿದು, ಹೊಳೆಯನ್ನೇ ಗಂಭೀರವಾಗಿ ನೋಡುತ್ತ ನಿಂತ.

"ಏನ್ಲಾ ತಿಮ್ಮಯ್ಯ, ರಜದ ದಿನಾನೂ ಒಳೆ ತಾವ?"

"ನೀರು ಎಸ್ಟದೆ ನೋಡಾವ ಅಂತ ಬಂದೆ ಕಣಣ್ಣ. ಕರೆಂಟ್ಗೆ ಸಾಲ್ಬೇಕಲ್ಲ."

"ನೀರ್ನೂ ನೋಡ್ತಿಲ್ಲ, ಗೀರ್ನೂ ನೋಡ್ತಿಲ್ಲ!" ದೊಡ್ಡತಾಯಮ್ಮನ ದನಿ ಆಚೆ ದಡಕ್ಕೂ ಮುಟ್ಟಿತು. "ಮನೇಲಿದ್ದ ಸೊಪ್ಪೆಲ್ಲ ಕೊಳ್ಸಿ, ಸಾರಿಗೆ ಸೊಪ್ ಕೀಳ್ತಾವ್ರೆ. ಮುಂಗಾರು ಬರಗಂಟ ಇವ್ರಿಗೆ ಇಲ್ಲೇ ಡೂಟಿ ಅಂತ ನಿಮ್ ಸಾಯೇಬ್ರಿಗೂ ಏಳ್ಬುಡಣ್ಣ."

ಮರಿಸಿದ್ದಯ್ಯ ನಗುವುದಕ್ಕೂ ಹೆದರಿ ಬೇಗ ಬೇಗ ನಡೆದ. ತಿಮ್ಮಯ್ಯ ಅವನು ಮರೆಯಾಗುವ ತನಕ ನೀರು ನೋಡಿದ. ಆಮೇಲೆ ಮೆಲ್ಲಗೆ ಕುಕ್ಕರಿಸಿ, ಈ ಸಲ ಕುಡಿಯನ್ನು ಮಾತ್ರ ಚಿವುಟಿದ.