ಯಲ್ಲವ್ವನ ಭಟ್ಟಿಯ ಮೊಹರು

ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗೆ ಇಳಿಯುವ ಜೀಪು ಗೇರು ಬದಲಿಸುವಾಗ ಗಂಟಲು ಕೆರೆದಂಥ ಸದ್ದು ಮಾಡುತ್ತದೆ. ಯಮಕನಮರಡಿಯ ಹೊರಗಿನ ಓಣಿಯಲ್ಲಿ ಯಲ್ಲವ್ವ ಆ ಸದ್ದಿಗೆ ಹೆದರುತ್ತಲೇ ಬೆಳೆದವಳು. ಅವಳಪ್ಪ ಕಳ್ಳಭಟ್ಟಿ ಇಳಿಸುತ್ತಿದ್ದ. ಜೀಪು ಬಂತೆಂದರೆ ಅವ್ವ ಕೊಳೆಹಾಕಿದ ಬೆಲ್ಲದ ನೀರನ್ನು ತಿಪ್ಪೆಗೆ ಸುರುವುತ್ತಿದ್ದಳು, ಅಪ್ಪ ಕಬ್ಬಿನೊಳಗೆ ಓಡುತ್ತಿದ್ದ. ಓಡಲಾರದ ವಯಸ್ಸಿನಲ್ಲಿ ಸಿಕ್ಕಿಬಿದ್ದ. ಜೈಲಿನಿಂದ ಬಂದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ.

ಅಪ್ಪನ ಕೈಗುಣ ಯಲ್ಲವ್ವನಿಗೆ ಬಂದಿತ್ತು. ಓಟ ಮಾತ್ರ ಬೇಡವಾಗಿತ್ತು. ಸಣ್ಣ ಭಟ್ಟಿಗೂ ಪರವಾನಗಿ ಸಿಗಬಹುದೆಂದು ಯಾರೋ ಹೇಳಿದಾಗ, ಇದ್ದ ಎಮ್ಮೆಗಳನ್ನು ಮಾರಿ ಗೋಕಾಕದಲ್ಲಿ ತಾಮ್ರದ ಭಟ್ಟಿ ತಟ್ಟಿಸಿದಳು. ಮೂಡಲಗಿಯ ಬೆಲ್ಲವೇ ಬೇಕೆಂದು ಗಾಣದವರಿಗೆ ಹೇಳಿಟ್ಟಳು.

"ಏನ ಯಲ್ಲಿ, ಸರಕಾರದ ಸೊಸಿ ಆಗಾಕತ್ತಿ ಏನ?" ಎಂದು ಬಾಜೂ ಮನೆಯ ಕೆಂಪವ್ವ ನಗುತ್ತಿದ್ದಳು.

"ಆಗ್ತೇನಿ. ನೀ ಆರತಿ ಹಿಡಕೊಂಡ ಬಾ."

ಬೇಸಿಗೆಯಲ್ಲಿ ಅಬಕಾರಿಯ ಗುರುರಾಜ ಸಾಹೇಬರು ಬಂದು ಭಟ್ಟಿ ನೋಡಿದರು. ಮುಚ್ಚಳಕ್ಕೆ ದಾರ ಸುತ್ತಿ ಅರಗಿನ ಮೊಹರು ಒತ್ತಿದರು. ಪರವಾನಗಿ ಬರುವ ತನಕ ಮುಟ್ಟಬಾರದು ಎಂದರು. ಯಲ್ಲವ್ವ ಒಲೆಗೆ ಒಂದು ಕಡ್ಡಿಯನ್ನೂ ಇಡಲಿಲ್ಲ. ಕೂಲಿಗೆ ಹೋದಳು, ಕಾದಳು.

ನವಮಿಯ ಖಂಡೇಪೂಜೆ ಬಂತು. ಓಣಿಯಲ್ಲಿ ಕುಡಗೋಲು, ಕುಂಟೆ, ಟ್ರ್ಯಾಕ್ಟರು ಎಲ್ಲವೂ ಮೈತೊಳೆದು ಕೂತವು. ದುಡಿಯುವ ವಸ್ತು ಆ ದಿನ ಕಿಲುಬು ಹಿಡಿದಿರಬಾರದು. ಹಳೆಯ ದಾರ ಬಿಚ್ಚಿ ಹೊಸ ಕಂಕಣ ಕಟ್ಟಬೇಕು. ಯಲ್ಲವ್ವ ಅರಗು ಒಡೆಯದಂತೆ ದಾರವನ್ನು ಮೆಲ್ಲಗೆ ಜಾರಿಸಿ ತೆಗೆದು, ಹುಣಸೆಹಣ್ಣು ಹಚ್ಚಿ ಭಟ್ಟಿಯನ್ನು ಒಳಗೂ ಹೊರಗೂ ತಿಕ್ಕಿದಳು. ಅರಿಸಿನದ ದಾರ ಕಟ್ಟಿದಳು. ಮೊಹರನ್ನು ದೇವರ ಜಗಲಿಯ ಮೇಲಿಟ್ಟಳು.

ಹಬ್ಬ ಮುಗಿದ ಮೇಲೆ ಸಾಹೇಬರು ಕಡೆಯ ತಪಾಸಣೆಗೆ ಬಂದರು. ಯಲ್ಲವ್ವ ಕುರ್ಚಿ ಹಾಕಿದಳು. ಅವರು ಕೂಡಲಿಲ್ಲ.

"ಶೀಲ್ ಎಲ್ಲೈತಿ?"

ತಟ್ಟೆಯಲ್ಲಿ ತಂದಳು. ಅರಗಿನ ಮೇಲೆ ಕುಂಕುಮವಿತ್ತು. "ಜ್ವಾಪಾನ ಇಟ್ಟೇನ್ರಿ. ಒಂದ ಚೂರೂ ಒಡದಿಲ್ಲ, ನೋಡ್ರಿ."

ಸಾಹೇಬರು ಮುಚ್ಚಳ ತೆಗೆದು ಒಳಗೆ ಬಗ್ಗಿದರು. "ತೊಳದೀರಿ."

"ಪೂಜಿಗ್ರಿ."

"ನನಗ ಖರೆ ಅನಸ್ತೈತಿ ತಾಯಿ. ಆದ್ರ ಶೀಲ್ ತೆಗದ ತೊಳದಾರ ಅಂದ್ರ, ಸಾರಾಯಿ ಇಳಿಸಿ ತೊಳದಾರ ಅಂತನ ಮ್ಯಾಲಿನವರು ತಿಳೀತಾರ. ನಿಮ್ಮಪ್ಪನ ಕೇಸ್ ಬ್ಯಾರೆ ಐತಿ. ಪರವಾನಗಿ ಆಗೂದಿಲ್ಲ. ಭಟ್ಟಿ ಜಪ್ತಿ ಮಾಡಬೇಕು."

"ಇಳಿಸಿದ್ರ ಓಣಿಗೆಲ್ಲಾ ವಾಸ್ನಿ ಬರೂದಿಲ್ಲೇನ್ರಿ? ಯಾರನ್ನರ ಕೇಳ್ರಿ!"

ಕೆಂಪವ್ವ ಬೇಲಿಯಾಚೆಯಿಂದ ಕೂಗಿದಳು: "ಇಳಿಸಿದ್ರ ಮೊದಲ ನನಗ ಗೊತ್ತಾಗ್ತಿತ್ರಿ ಸಾಹೇಬ್ರ. ನನ್ನ ಗಂಡ ಮನ್ಯಾಗ ನಿಲ್ತಿರಲಿಲ್ಲ!"

ಯಾರೂ ನಗಲಿಲ್ಲ. ಇಬ್ಬರು ಸಿಪಾಯಿಗಳು ಭಟ್ಟಿ ಎತ್ತಿದರು. ಜೀಪಿನ ಅಂಚಿಗೆ ತಗುಲಿ ತಾಮ್ರ ಒಂದು ಕಡೆ ತಗ್ಗಿತು. ಯಲ್ಲವ್ವ ಆ ತಗ್ಗಿನ ಮೇಲೆ ಅಂಗೈ ಇಟ್ಟು ನಿಂತಳು. ಜೀಪು ಚಲಿಸಿದಾಗ ಅಂಗೈ ಗಾಳಿಯಲ್ಲೇ ಉಳಿಯಿತು.

ಕೆಂಪವ್ವ ಓಡಿ ಬಂದು ತೋಳು ಹಿಡಿದಳು. "ಒಳಗ ಬಾರವ್ವಾ. ಎಲ್ಲಿ ಹೊಂಟಿ?"

ಯಲ್ಲವ್ವ ತೋಳು ಬಿಡಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಧೂಳಿನೊಳಗೆ ನಡೆಯುತ್ತಲೇ ಹೇಳಿದಳು: "ಹುಕ್ಕೇರಿಗೆ. ದೊಡ್ಡ ಸಾಹೇಬ್ರು ಸಿಕ್ರ ಅವರ ಕಾಲ ಹಿಡೀತೇನಿ, ಇಲ್ಲಂದ್ರ ಅವರು ಬರೂತನಕ ಆಫೀಸಿನ ಬಾಗಲದಾಗನ ನಾ ಕುಂಡ್ರತೇನಿ."